ರಿಫರ್ಬಿಷ್ಡ್ ಥಿಂಕ್‌ಪ್ಯಾಡ್ ಟಿ480: ಡಿಟಿಪಿ ಅಂಗಡಿಗೆ ಸಾಕಾ?

ಬಳಸಿದ್ದನ್ನು ಸರಿಮಾಡಿ ಮಾರುವ (ರಿಫರ್ಬಿಷ್ಡ್) ಲ್ಯಾಪ್‌ಟಾಪ್, ಲೆನೊವೊ ಥಿಂಕ್‌ಪ್ಯಾಡ್ ಟಿ480. ಎಂಟನೇ ಜನರೇಶನ್ ಐ5, 16 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಲ್ ಸಮೇತ 21,500 ರೂಪಾಯಿಗೆ ತಗೊಂಡೆ. ಹೊಸದು ಕೇಳಿದರೆ ಐವತ್ತು ಸಾವಿರದ ಹತ್ತಿರ ಹೇಳಿದರು, ಅದೂ 8 ಜಿಬಿ ರ್‍ಯಾಮಿಗೆ. ತಿಪಟೂರಿನಲ್ಲಿ ನಮ್ಮದು ಚಿಕ್ಕ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ವೈಕುಂಠ ಸಮಾರಾಧನೆ ಕಾರ್ಡು, ಕೋರ್ಟಿನ ಕಾಗದ. ದಿನವಿಡೀ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪಿಂಗ್. ಈ ಕೆಲಸಕ್ಕೆ ಸಾಕಾ ಅಂದರೆ ಸಾಕು, ಇನ್ನೂ ಮಿಗುತ್ತದೆ.

ಮೊದಲು ಕೀಬೋರ್ಡಿನ ಮಾತು, ನನಗೆ ಅದೇ ಮುಖ್ಯ. ಈಗಿನ ತೆಳ್ಳನೆ ಲ್ಯಾಪ್‌ಟಾಪ್‌ಗಳಲ್ಲಿ ಹಲಗೆ ಮೇಲೆ ಬೆರಳು ಕುಟ್ಟಿದಂತಾಗುತ್ತದೆ. ಇದರ ಕೀ ಚೆನ್ನಾಗಿ ಒಳಗೆ ಹೋಗಿ ಮೇಲೆ ಬರುತ್ತದೆ. ನುಡಿಯಲ್ಲಿ ಒತ್ತಕ್ಷರಕ್ಕೆಲ್ಲ ಎಫ್ ಕೀ ಬೇಕು, ‘ಕ್ಕ’ ಬರಬೇಕೆಂದರೆ ಕೆ, ಎಫ್, ಕೆ ಒತ್ತಬೇಕು. ಹಾಗಾಗಿ ನಮ್ಮಂಥವರ ಕೀಬೋರ್ಡಿನಲ್ಲಿ ಮೊದಲು ಸವೆಯುವುದೇ ಎಫ್. ಇದರಲ್ಲಿ ಎಫ್ ಹೊಸದರಂತಿತ್ತು, ಇ ಮತ್ತು ಎ ಮಾತ್ರ ಸವೆದು ಮಿಂಚುತ್ತಿದ್ದವು. ಹಿಂದಿನ ಪುಣ್ಯಾತ್ಮ ಇಂಗ್ಲಿಷ್ ಮೇಲ್ ಬರೆದು ಬರೆದು ಕಳಿಸಿದ್ದಾನೆ. ಕೆಲವು ಲ್ಯಾಪ್‌ಟಾಪ್‌ಗಳ ಕೀ ಮೇಲೆ ಸ್ಟಿಕರ್ ಅಂಟಿಸಿರುತ್ತಾರೆ. ಅವು ಬೇರೆ ದೇಶದ ಮಾಲು, ಒಳಗಿನ ಅಕ್ಷರ ಬೇರೆ ಇರುತ್ತದೆ. ಉಗುರಿನಲ್ಲಿ ಕೆರೆದು ನೋಡಿ.

ಈ ರಿಫರ್ಬಿಷ್ಡ್ ಲ್ಯಾಪ್‌ಟಾಪ್‌ಗಳೆಲ್ಲ ಹೆಚ್ಚಾಗಿ ಕಂಪನಿಗಳು ಲೀಸಿಗೆ ತಗೊಂಡು, ಮೂರ್ನಾಲ್ಕು ವರ್ಷಕ್ಕೆ ಬದಲಾಯಿಸಿ, ಲಾಟ್‌ನಲ್ಲಿ ಬಿಟ್ಟ ಮಾಲು. ಆಫೀಸಿನ ಎಸಿಯಲ್ಲಿ ಬಾಳಿದ ಯಂತ್ರ, ಹಾಗಾಗಿ ಬಾಡಿ ಗಟ್ಟಿ. ಆದರೆ ಬರೀ ಐ5 ಅಂದರೆ ನಂಬಬೇಡಿ. ಸುಮಾರು ಅಂಗಡಿಗಳಲ್ಲಿ ಟಿ470 ಅನ್ನು ಇದರ ಪಕ್ಕದಲ್ಲೇ ಇಟ್ಟು, ನಾಲ್ಕೈದು ಸಾವಿರ ಕಡಿಮೆಗೆ ಕೊಡುತ್ತಾರೆ. ನೋಡೋಕೆ ಅಣ್ಣತಮ್ಮಂದಿರ ಥರ. ಪ್ರೊಸೆಸರ್ ನಂಬರ್ ಓದಿ: 8250 ಅಥವಾ 8350 ಇದ್ದರೆ ಎಂಟನೇ ಜನರೇಶನ್. 6300, 7300 ಅಂತಿದ್ದರೆ ಹಳೆಯದು, ಅದಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಳ್ಳುವವರಿಗೆ ಪರವಾಗಿಲ್ಲ.

ಇನ್ನು ಬ್ಯಾಟರಿ. ಟಿ480ಯಲ್ಲಿ ಎರಡು ಬ್ಯಾಟರಿ ಇರುತ್ತವೆ, ಒಂದು ಒಳಗೆ, ಒಂದು ಹಿಂದಿನಿಂದ ಕಳಚುವಂಥದ್ದು. ಒಳಗಿನದು ಚಾರ್ಜ್ ಇದ್ದರೆ, ಲ್ಯಾಪ್‌ಟಾಪ್ ಆಫ್ ಮಾಡದೆಯೇ ಹೊರಗಿನದನ್ನು ತೆಗೆದು ಬೇರೆ ಹಾಕಬಹುದು. ಕರೆಂಟು ಕೈಕೊಡುವ ಊರಿನಲ್ಲಿ ಇದು ದೊಡ್ಡ ಅನುಕೂಲ. ಅಂಗಡಿಯವನು ‘ಬ್ಯಾಟರಿ ಫಸ್ಟ್ ಕ್ಲಾಸ್ ಸಾರ್, ನಾಲ್ಕು ಗಂಟೆ ಗ್ಯಾರಂಟಿ’ ಅಂದಿದ್ದ. ಅಲ್ಲೇ ಕಮ್ಯಾಂಡ್ ಪ್ರಾಂಪ್ಟ್ ತೆಗೆದು ಬ್ಯಾಟರಿ ರಿಪೋರ್ಟ್ ಹಾಕಿಸಿದೆ. ಪವರ್‌ಸಿಎಫ್‌ಜಿ ಅನ್ನುವ ಕಮ್ಯಾಂಡ್, ವಿಂಡೋಸಿನಲ್ಲೇ ಇರುತ್ತದೆ. ಹೊರಗಿನ ಬ್ಯಾಟರಿ ಹೊಸದಿದ್ದಾಗ ಸುಮಾರು 24 ವ್ಯಾಟ್ ಅವರ್ (ಬ್ಯಾಟರಿ ಎಷ್ಟು ಕರೆಂಟ್ ಹಿಡಿಯುತ್ತದೆ ಅನ್ನುವ ಅಳತೆ), ಈಗ ತುಂಬಿಸಿದರೂ 11. ತೋರಿಸಿದ ಮೇಲೆ ‘ಅದು ಸಾಫ್ಟ್‌ವೇರ್ ಸಾರ್, ಹಾಗೇ ತೋರಿಸತ್ತೆ’ ಅಂದ. ಕಾಫಿ ತರಿಸಿದ. ನಾನು ಎದ್ದು ಹೊರಟಾಗ ಬೇರೆ ಬ್ಯಾಟರಿ ಬಂತು. ರಿಫರ್ಬಿಷ್ಡ್ ಅಂದರೆ ಕೆಲವರಿಗೆ ಒರೆಸಿ ಇಡೋದು ಅಷ್ಟೇ. ಕ್ರ್ಯಾಕ್ ಮಾಡಿದ ಎಂಎಸ್ ಆಫೀಸ್ ಕೂಡ ಫ್ರೀ ಅಂತ ಹಾಕಿದ್ದ. ತೆಗೆಸಿ, ಕಾನೂನುಬದ್ಧವಾಗಿಯೇ ಉಚಿತವಾದ ಲಿಬ್ರೆಆಫೀಸ್ ಹಾಕಿಕೊಂಡೆ.

ಪರಿಸರದ ಲೆಕ್ಕಕ್ಕೆ ಬರೋಣ. ಪರಿಸರ ಅಂದಕೂಡಲೇ ಜನ ಕರೆಂಟ್ ಉಳಿತಾಯ ಅಂದುಕೊಳ್ಳುತ್ತಾರೆ. ಅದೂ ಇದೆ. ನಮ್ಮ ಹಳೆಯ ಡೆಸ್ಕ್‌ಟಾಪ್ ಮಾನಿಟರ್ ಸೇರಿ ನೂರು ವ್ಯಾಟ್ ಎಳೆದರೆ, ದಿನಕ್ಕೆ ಎಂಟು ಗಂಟೆಯಂತೆ 300 ದಿನಕ್ಕೆ 240 ಯೂನಿಟ್. ಲ್ಯಾಪ್‌ಟಾಪಿಗೆ ಹದಿನೈದು ವ್ಯಾಟ್ ಹಿಡಿದರೆ 36 ಯೂನಿಟ್. ಆದರೆ ಅಸಲಿ ಖರ್ಚು ಫ್ಯಾಕ್ಟರಿಯಲ್ಲೇ ಆಗಿಹೋಗಿರುತ್ತದೆ. ಕಂಪನಿಗಳೇ ಹಾಕುವ ಕಾರ್ಬನ್ ಲೆಕ್ಕದಲ್ಲೂ ಬಹುಪಾಲು ಚಿಪ್ಪು, ಬೋರ್ಡು, ಸ್ಕ್ರೀನು ತಯಾರಿಸೋದಕ್ಕೇ ಹೋಗುತ್ತದೆ. ಒಂದು ಲ್ಯಾಪ್‌ಟಾಪಿನ ತಯಾರಿಕೆಗೆ ಇನ್ನೂರು ಕೆಜಿ ಇಂಗಾಲದ ಡೈಆಕ್ಸೈಡ್ ಅಂತಿಟ್ಟುಕೊಳ್ಳಿ. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ವರ್ಷದ 36 ಯೂನಿಟ್ಟಿಗೆ ಇಪ್ಪತ್ತೈದು ಕೆಜಿ. ಅಂದರೆ ಹೊಸ ಲ್ಯಾಪ್‌ಟಾಪ್ ಡಬ್ಬಿ ಒಡೆಯುವ ಮೊದಲೇ, ನಾನು ಎಂಟು ವರ್ಷ ಟೈಪ್ ಮಾಡುವಷ್ಟು ಹೊಗೆ ಬಿಟ್ಟಾಗಿದೆ. ಕಲ್ಲಿದ್ದಲಿನ ಕರೆಂಟಿನಲ್ಲೂ ಇದು ಹೀಗೆ ಅಂದರೆ ಯೋಚಿಸಿ.

ಆಮೇಲೆ ಕಸ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ಕಸ ಬಿತ್ತು, ಸರಿಯಾಗಿ ಮರುಬಳಕೆಗೆ ಹೋಗಿದ್ದು ಕಾಲು ಭಾಗವೂ ಇಲ್ಲ ಅಂತ ವಿಶ್ವಸಂಸ್ಥೆಯ ವರದಿ. ಹಾಗಂತ ಒಂದು ವರ್ಷಕ್ಕೆ ಕೆಟ್ಟು ಮೂಲೆ ಸೇರುವ ಸೆಕೆಂಡ್ ಹ್ಯಾಂಡ್ ತಗೊಂಡರೆ ಭೂಮಿಗೂ ಲಾಭವಿಲ್ಲ, ಜೇಬಿಗೂ ಇಲ್ಲ. ಟಿ480 ನನಗೆ ಇಷ್ಟವಾಗಿದ್ದು ಇದಕ್ಕೇ: ಹಿಂದಿನ ಸ್ಕ್ರೂ ಬಿಚ್ಚಿದರೆ ರ್‍ಯಾಮು, ಎಸ್‌ಎಸ್‌ಡಿ, ಒಳಗಿನ ಬ್ಯಾಟರಿ ಎಲ್ಲ ಕೈಗೆ ಸಿಗುತ್ತವೆ. ರ್‍ಯಾಮಿಗೆ ಎರಡು ಸ್ಲಾಟ್ ಇವೆ. ಬೋರ್ಡಿಗೇ ಬೆಸುಗೆ ಹಾಕಿಬಿಟ್ಟ ಮಾಡೆಲ್‌ಗಳಲ್ಲಿ ಈ ಭಾಗ್ಯ ಇಲ್ಲ.

ಎರಡು ಎಚ್ಚರಿಕೆ. ಈ ಮಾಡೆಲ್ ಹಲವು ಬಗೆಯ ಸ್ಕ್ರೀನಿನಲ್ಲಿ ಬಂದಿತ್ತು, 1366 ಪಿಕ್ಸೆಲ್ ಅಗಲದ ಮಂಕು ಸ್ಕ್ರೀನ್ ಬಿಟ್ಟು ಫುಲ್ ಎಚ್‌ಡಿ ಕೇಳಿ. ಫುಲ್ ಎಚ್‌ಡಿಯಲ್ಲೂ ಬಣ್ಣ ಸುಮಾರು, ಲಗ್ನಪತ್ರಿಕೆಯ ಅರಿಶಿನ-ಕುಂಕುಮ ಬಣ್ಣವನ್ನು ನಾನು ಬೇರೆ ಮಾನಿಟರಿನಲ್ಲೇ ನೋಡಿಕೊಳ್ಳುತ್ತೇನೆ. ಎರಡನೆಯದು, ತಂದ ದಿನವೇ ಥಂಡರ್‌ಬೋಲ್ಟ್ ಫರ್ಮ್‌ವೇರ್, ಅಂದರೆ ಟೈಪ್-ಸಿ ಪೋರ್ಟನ್ನು ನಡೆಸುವ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿ. ಹಳೆಯ ಫರ್ಮ್‌ವೇರಿನಲ್ಲಿ ಟೈಪ್-ಸಿ ಪೋರ್ಟ್ ಕೈಕೊಡುವ ತೊಂದರೆ ಇತ್ತು, ಕಂಪನಿಯೇ ತಿದ್ದುಪಡಿ ಬಿಟ್ಟಿದೆ. ಚಾರ್ಜ್ ಆಗೋದೂ ಅದೇ ಪೋರ್ಟಿನಿಂದ, ಅಲ್ವಾ?

ವಿಡಿಯೋ ಎಡಿಟಿಂಗ್, ಗೇಮು ಅನ್ನೋರಿಗೆ ಇದು ಬೇಡ. ಟೈಪಿಂಗ್, ಟ್ಯಾಲಿ, ಮಕ್ಕಳ ಕಾಲೇಜಿಗೆ ಧಾರಾಳವಾಗಿ ತಗೊಳ್ಳಿ. ಬಿಲ್ಲಿನಲ್ಲಿ ಲ್ಯಾಪ್‌ಟಾಪಿನ ಸೀರಿಯಲ್ ನಂಬರೂ, ವಾರಂಟಿ ಎಷ್ಟು ತಿಂಗಳು ಅನ್ನೋದೂ ಬರೆಸಿಕೊಂಡೇ ದುಡ್ಡು ಕೊಡಿ.