ಹಾಸನದಿಂದ ಒಬ್ಬಳೇ ಸುತ್ತಾಡೋಕೆ: ಬಸ್ಸಾ, ಟ್ಯಾಕ್ಸಿನಾ, ಸ್ಕೂಟರಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಸ್ಕೂಟರಿಗೆ. ಸೆಕೆಂಡ್ ಹ್ಯಾಂಡ್ ಆಕ್ಟಿವಾ ತಗೊಂಡ ಮೇಲೆ ಹಾಸನದ ಸುತ್ತಮುತ್ತ ನಾನು ನೋಡುವ ಜಾಗಗಳೇ ಬದಲಾದವು. ಅದಕ್ಕೂ ಮುಂಚೆ ಬಸ್ಸಲ್ಲಿ ಸುತ್ತಿದ್ದೇನೆ, ಟ್ಯಾಕ್ಸಿಯಲ್ಲೂ ಹೋಗಿದ್ದೇನೆ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟು, ಕತ್ತಲಾಗೋ ಮೊದಲು ಮನೆ ಸೇರುವ ತಿರುಗಾಟ ನನ್ನದು. ಜೊತೆಗೆ ಯಾರೂ ಇರಲ್ಲ.

ಬಸ್ಸಿನ ಮೇಲೆ ನನಗೆ ಈಗಲೂ ಪ್ರೀತಿ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ, ಸರ್ಕಾರಿ ಸಾಮಾನ್ಯ ಬಸ್ಸಲ್ಲಿ ನಮ್ಮಂಥ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ತೋರಿಸಿದರೆ ಆಯ್ತು. ಬೇಲೂರು, ಹಳೇಬೀಡಿಗೆ ಬಸ್ಸಿಗೇನೂ ಬರ ಇಲ್ಲ. ಪಕ್ಕದಲ್ಲಿ ಕೂತ ಅಜ್ಜಿಯರು "ಒಬ್ಳೇ ಬಂದ್ಯೇನವ್ವಾ?" ಅಂತ ಶುರು ಮಾಡಿದರೆ, ಇಳಿಯೋ ಹೊತ್ತಿಗೆ ಅವರೂರಿನ ಕೆರೆ, ಜಾತ್ರೆ, ಮಳೆ ಎಲ್ಲಾ ಹೇಳಿರುತ್ತಾರೆ. ಸ್ಕೂಟರಲ್ಲಿ ಆ ಸುಖ ಇಲ್ಲ.

ತೊಂದರೆ ಇರೋದು ಕ್ರಾಸಿನಲ್ಲಿ. ನಮ್ಮ ಜಿಲ್ಲೆಯ ಎಷ್ಟೋ ಒಳ್ಳೆ ಗುಡಿಗಳು ದೊಡ್ಡ ರಸ್ತೆ ಬಿಟ್ಟು ಒಳಗಿವೆ. ದೊಡ್ಡಗದ್ದವಳ್ಳಿಯನ್ನೇ ತಗೊಳ್ಳಿ. ಬೇಲೂರು ಬಸ್ ಹತ್ತಿ ಕ್ರಾಸಲ್ಲಿ ಇಳಿಯಬೇಕು. ಅದಕ್ಕೂ ಅಲ್ಲಿ ನಿಲ್ಲಿಸುವ ಬಸ್ಸೇ ಆಗಬೇಕು. ಇಳಿದ ಮೇಲೆ ಆಟೋ ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಬಿಸಿಲಲ್ಲಿ ನಡೆಯಬೇಕು. ನಡೆಯೋದು ನನಗೆ ಇಷ್ಟವೇ, ಹೊಲ ತೋಟ ನೋಡ್ಕೊಂಡು ಹೋಗಬಹುದು. ಕಷ್ಟ ಆಗೋದು ವಾಪಸ್ ಬರುವಾಗ. ಮುಂದಿನ ಬಸ್ ಯಾವಾಗಲೋ, ಬಂದರೂ ನಿಲ್ಲುತ್ತೋ ಇಲ್ಲವೋ. ಸಂಜೆ ಐದರ ಮೇಲೆ ಹೆಂಗಸು ಒಬ್ಬಳೇ ಕ್ರಾಸಲ್ಲಿ ನಿಂತರೆ, ಹೋಗೋರು ಬರೋರೆಲ್ಲ ಒಂದು ಸಲ ತಿರುಗಿ ನೋಡುತ್ತಾರೆ. ಏನೂ ಆಗದೇ ಇರಬಹುದು, ಆದರೆ ಮನಸ್ಸು ಹಗುರ ಇರಲ್ಲ.

ಆ ಯೋಚನೆ ಗುಡಿಯೊಳಗೂ ಬಿಡಲ್ಲ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ 1114ರ ಸುಮಾರಿನದು, ಬೇಲೂರಿನ ಚೆನ್ನಕೇಶವನಿಗಿಂತ ಹಳೆಯದು. ಕಟ್ಟಿಸಿದವರು ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ಒಂದೇ ಸೂರಿನಡಿ ನಾಲ್ಕು ಗರ್ಭಗುಡಿ. ಬಿಸಿಲಿಂದ ಒಳಗೆ ಹೋದಾಗ ಮೊದಲು ಏನೂ ಕಾಣಲ್ಲ. ಸುಮ್ನೆ ನಿಂತಿದ್ದರೆ ಕಣ್ಣು ನಿಧಾನಕ್ಕೆ ಹೊಂದಿಕೊಳ್ಳುತ್ತೆ. ಆಮೇಲೆ ಕಾಳಿ ಗುಡಿಯ ಬಾಗಿಲ ಎರಡು ಕಡೆ ನಿಂತ ಬೇತಾಳಗಳು ಕಾಣಿಸುತ್ತವೆ. ಮೈಯಲ್ಲಿ ಮಾಂಸವಿಲ್ಲ, ಪಕ್ಕೆಲುಬು ಲೆಕ್ಕ ಹಾಕಬಹುದು. ಇದನ್ನು ನೋಡೋಕೆ ಪುರುಸೊತ್ತು ಬೇಕು, ಅಲ್ವಾ? ಬಸ್ಸಲ್ಲಿ ಹೋದಾಗೆಲ್ಲ ನಾನು ಬೇತಾಳಕ್ಕಿಂತ ಜಾಸ್ತಿ ವಾಚು ನೋಡಿದ್ದೇನೆ. ಸ್ಕೂಟರಲ್ಲಿ ಹೋದ ದಿನ ಒಳಗೆ ಬೇಕಾದಷ್ಟು ಹೊತ್ತು ನಿಂತೆ, ಆಮೇಲೆ ಕೆರೆ ಕಡೆ ಹೋಗಿ ಬೆಳ್ಳಕ್ಕಿ ನೋಡ್ತಾ ಕೂತೆ.

ಟ್ಯಾಕ್ಸಿ ಆರಾಮ, ನಿಜ. ಆದರೆ ದಿನಕ್ಕೆ 2,500 ರೂಪಾಯಿ ಕೊಟ್ಟು ತಿಂಗಳು ತಿಂಗಳು ಸುತ್ತುವ ಸಂಬಳ ನನ್ನದಲ್ಲ. ಜೊತೆಗೆ, ಗಾಡಿ ಕಾಯ್ತಾ ಇದೆ ಅನ್ನೋದು ತಲೆಯಲ್ಲಿ ಕೂತಿರುತ್ತೆ. ಹಳೇಬೀಡಲ್ಲಿ ಹೊಯ್ಸಳೇಶ್ವರ ನೋಡಿ ಬಂದರೆ ಡ್ರೈವರ್ "ಆಯ್ತಾ ಮೇಡಂ, ಹೊರಡೋಣ್ವಾ?" ಅಂದರು. ಹತ್ತಿರದಲ್ಲೇ ಬಸದಿಗಳಿವೆ. 1133ರ ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ನಮ್ಮ ನೆರಳು ಮೂಡುವಷ್ಟು ನುಣುಪು. ಅದನ್ನು ಕಣ್ತುಂಬ ನೋಡಿದ್ದು ಸ್ಕೂಟರ್ ಬಂದ ಮೇಲೆಯೇ.

ಸ್ಕೂಟರಿನ ಖರ್ಚು ನೋಡಿ. ಕೋರವಂಗಲಕ್ಕೆ ಹೋಗಿ ಬರೋಕೆ ಅರ್ಧ ಲೀಟರ್ ಪೆಟ್ರೋಲ್ ಸಾಕು. ಅಲ್ಲಿರೋದು 1173ರ ಬೂಚೇಶ್ವರ ಗುಡಿ, ನಾನು ಹೋದಾಗೆಲ್ಲ ಜನವೇ ಇರಲಿಲ್ಲ. ಮೊಸಳೆ ಅನ್ನೋ ಊರಿನ ಜೋಡಿ ಗುಡಿಗೂ ಹೆಚ್ಚು ಖರ್ಚಿಲ್ಲ. ನೀರಿನ ಬಾಟಲಿ, ಬುತ್ತಿ, ರೇನ್‌ಕೋಟ್ ಡಿಕ್ಕಿಯಲ್ಲಿ ಹಿಡಿಯುತ್ತೆ. ಟ್ಯೂಬ್‌ಲೆಸ್ ಟೈರ್ ಇರೋ ಗಾಡಿಯನ್ನೇ ತಗೊಳ್ಳಿ.

ಒಂದು ಜಾಗಕ್ಕೆ ಮಾತ್ರ ಸ್ಕೂಟರ್ ತೆಗೆಯಲ್ಲ, ಅದು ಸಕಲೇಶಪುರದ ಕಡೆ. ಮಂಗಳೂರು ಹೆದ್ದಾರಿಯಲ್ಲಿ ಲಾರಿಗಳ ಮಧ್ಯೆ, ಅದೂ ಮಳೆಯಲ್ಲಿ, ನನಗೆ ಧೈರ್ಯ ಬರಲ್ಲ. ಟಿಪ್ಪು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಗೆ ಬಸ್ಸೇ ಸರಿ. ಎಂಟು ಮೂಲೆಯ ನಕ್ಷತ್ರದಂಥ ಕೋಟೆ ಅದು. ಮೆಟ್ಟಿಲು ಹತ್ತೋ ಶಕ್ತಿ ಉಳಿದಿರಬೇಕಲ್ಲ!

ಶೆಟ್ಟಿಹಳ್ಳಿ ಚರ್ಚಿಗೂ ಸ್ಕೂಟರಲ್ಲೇ ಹೋಗುತ್ತೇನೆ. ಗೊರೂರು ಅಣೆಕಟ್ಟಿನ ಹಿನ್ನೀರು ಮಳೆಗಾಲದಲ್ಲಿ ಗೋಡೆ ಏರಿರುತ್ತೆ, ಬೇಸಿಗೆಯಲ್ಲಿ ನೆಲ ಕಾಣುತ್ತೆ. ಎರಡು ಕಾಲದಲ್ಲೂ ನೋಡಬೇಕು. ಆದರೆ ಬೇಗ ಹೋಗಿ ಬೇಗ ಬನ್ನಿ, ಸಂಜೆ ಆ ಕಡೆ ಜನ ಕಡಿಮೆ. ಪಾಳು ಗೋಡೆಗಳ ಪಕ್ಕ ನಿಲ್ಲಬೇಡಿ.

ಗಾಡಿ ಓಡಿಸೋಕೆ ಬರದವರು ಬೇಲೂರು, ಹಳೇಬೀಡನ್ನು ಬಸ್ಸಲ್ಲೇ ಮಾಡಿ. ಎರಡೂ ಕಡೆ ಬಸ್ ಸ್ಟ್ಯಾಂಡಿಂದ ಗುಡಿಗೆ ನಡೆದೇ ಹೋಗಬಹುದು, ಕ್ರಾಸಿನ ಕಾಟ ಇಲ್ಲ. ದೊಡ್ಡಗದ್ದವಳ್ಳಿಗೆ ಮಾತ್ರ ಹಾಸನದಿಂದಲೇ ಆಟೋ ಮಾತಾಡಿಕೊಂಡು ಹೋಗಿ, ಕಾಯುವ ದುಡ್ಡು ಮೊದಲೇ ಹೇಳಿಸಿಕೊಳ್ಳಿ.