ಯುರೋಪಿನ ಗಂಡನ ಜೊತೆ ಹೊರಟಿದ್ದೀರಾ? ಏಜೆನ್ಸಿಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಯುರೋಪಿನ ಪಾಸ್‌ಪೋರ್ಟ್ ಇರುವವರನ್ನು ಮದುವೆಯಾಗಿ ಅಲ್ಲಿಗೆ ಹೋಗುವವರು ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮ್ಮ ಸಂಗಾತಿ ಇರುವುದು ಅವರ ಸ್ವಂತ ದೇಶದಲ್ಲೋ, ಯುರೋಪಿಯನ್ ಒಕ್ಕೂಟದ ಬೇರೊಂದು ದೇಶದಲ್ಲೋ? ನಿಮಗೆ ಯಾವ ಕಾನೂನು ಅನ್ವಯ ಅನ್ನುವುದು ಇದರಿಂದಲೇ ತೀರ್ಮಾನವಾಗುತ್ತದೆ. ಬೆಂಗಳೂರಿನ ಒಂದು ವೀಸಾ ಏಜೆನ್ಸಿ ನಮ್ಮನ್ನು ಇದನ್ನು ಕೇಳಲೇ ಇಲ್ಲ. ದುಡ್ಡು ಮಾತ್ರ ಮುಂಗಡವಾಗಿ ತೆಗೆದುಕೊಂಡಿತು.

ನನ್ನ ಗಂಡ ಇಟಲಿಯವರು. ಕೆಲಸ ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಮದುವೆ ಆಗಿದ್ದು ಮೈಸೂರಿನಲ್ಲಿ, ವಿಶೇಷ ವಿವಾಹ ಕಾಯ್ದೆಯಡಿ. ಏಜೆನ್ಸಿಯವರು ಫೈಲ್ ತೆರೆದವರೇ ಹೇಳಿದ್ದು ಹೀಗೆ: 'ಮೇಡಂ, ನೀವು ಡಚ್ ಭಾಷೆ ಪರೀಕ್ಷೆ ಪಾಸಾಗಬೇಕು, ನಿಮ್ಮ ಹಸ್ಬೆಂಡ್ ಸಂಬಳ ಇಷ್ಟಿರಬೇಕು, ಆಮೇಲೆ ಎಂವಿವಿ ವೀಸಾ.' ಎಂವಿವಿ ಅಂದರೆ ದೀರ್ಘಕಾಲ ಇರಲು ಹೋಗುವವರಿಗೆ ನೆದರ್‌ಲೆಂಡ್ಸ್ ಕೊಡುವ ಪ್ರವೇಶ ವೀಸಾ. ಭಾಷೆ ಕ್ಲಾಸಿಗೆ ಒಂದು ಫೀಸು, ಫೈಲಿಗೆ ಇನ್ನೊಂದು. ತಿಂಗಳುಗಟ್ಟಲೆ ಕ್ಲಾಸಿಗೆ ಹೋದೆ.

ಅವರು ಹೇಳಿದ ನಿಯಮ ನಿಜವಾಗಿಯೂ ಇದೆ. ಆದರೆ ಅದು ಡಚ್ ಪ್ರಜೆಯನ್ನು ಮದುವೆಯಾಗಿ ನೆದರ್‌ಲೆಂಡ್ಸ್‌ಗೆ ಹೋಗುವ ಭಾರತೀಯರಿಗೆ. ಅಲ್ಲಿ ಆ ದೇಶದ ಸ್ವಂತ ಕಾನೂನು ನಡೆಯುತ್ತದೆ. ನನ್ನ ಗಂಡ ಇಟಲಿಯವರಾಗಿ ನೆದರ್‌ಲೆಂಡ್ಸ್‌ನಲ್ಲಿ ಕೆಲಸ ಮಾಡುತ್ತಿರುವುದರಿಂದ ನಮಗೆ ಅನ್ವಯಿಸುವುದು ಯುರೋಪಿಯನ್ ಒಕ್ಕೂಟದ 2004/38 ನಿರ್ದೇಶನ, ಅಂದರೆ ಒಕ್ಕೂಟದ ಪ್ರಜೆಗಳು ಮತ್ತು ಅವರ ಕುಟುಂಬದವರು ಒಕ್ಕೂಟದ ಬೇರೆ ದೇಶಕ್ಕೆ ಹೋಗಿ ಇರುವ ಹಕ್ಕಿನ ಕಾನೂನು. ಇದರಲ್ಲಿ ಭಾಷೆ ಪರೀಕ್ಷೆ ಇಲ್ಲ. ಗಂಡ ಕೆಲಸದಲ್ಲಿದ್ದರೆ ಇಷ್ಟೇ ಸಂಬಳ ಇರಬೇಕು ಅನ್ನುವುದೂ ಇಲ್ಲ. ಪ್ರವೇಶ ವೀಸಾಗೆ ಶುಲ್ಕವೇ ಇಲ್ಲ, ಅದನ್ನು ಬೇಗ ಕೊಡಬೇಕು ಅಂತ ನಿರ್ದೇಶನದಲ್ಲೇ ಬರೆದಿದೆ. ಅಂದರೆ ಅದೇ ಐಂಡ್‌ಹೋವನ್‌ನಲ್ಲಿ ನನ್ನ ಗಂಡನ ಡಚ್ ಸಹೋದ್ಯೋಗಿಯ ಭಾರತೀಯ ಹೆಂಡತಿಗೆ ಒಂದು ದಾರಿ, ನನಗೆ ಬೇರೆ ದಾರಿ. ಕೇಳಲು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆದರೆ ಕಾನೂನು ಇರುವುದೇ ಹಾಗೆ. ನನ್ನ ಗಂಡ ಅಲ್ಲಿನ ವಲಸೆ ಇಲಾಖೆಯಲ್ಲಿ ವಿಚಾರಿಸಿದಾಗಲೇ ಇದು ನಮಗೆ ಗೊತ್ತಾಗಿದ್ದು. ಏಜೆನ್ಸಿಯನ್ನು ಕೇಳಿದರೆ 'ಫೀಸು ವಾಪಸ್ ಬರಲ್ಲ' ಅಂದರು.

ವೀಸಾ ಅರ್ಜಿ ತೆಗೆದುಕೊಳ್ಳುವ ಕೇಂದ್ರದಲ್ಲೂ ಇದೇ ಗೋಳು. ಹೋಟೆಲ್ ಬುಕಿಂಗ್ ಎಲ್ಲಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಿ, ಸರ್ವಿಸ್ ಚಾರ್ಜ್ ಕಟ್ಟಿ ಅಂದರು. ನಿಮ್ಮನ್ನೂ ಹೀಗೆ ಕೇಳಿದರೆ ಸುಮ್ನೆ ಒಪ್ಪಿಕೊಳ್ಳಬೇಡಿ. ಈ ನಿರ್ದೇಶನದಡಿ ತೋರಿಸಬೇಕಾದದ್ದು ನಿಮ್ಮ ಪಾಸ್‌ಪೋರ್ಟ್, ಮದುವೆಯ ದಾಖಲೆ, ಸಂಗಾತಿಯ ಜೊತೆ ಹೋಗುತ್ತಿದ್ದೀರಿ ಅಥವಾ ಅವರನ್ನು ಸೇರಲು ಹೋಗುತ್ತಿದ್ದೀರಿ ಅನ್ನುವುದಕ್ಕೆ ಆಧಾರ. ಸರ್ವಿಸ್ ಚಾರ್ಜ್ ಬೇಡ ಅನ್ನುವವರು ನೇರವಾಗಿ ದೂತಾವಾಸಕ್ಕೇ ಅರ್ಜಿ ಕೊಡಲು ಅವಕಾಶ ಇರಬೇಕು ಅಂತ ಯುರೋಪಿಯನ್ ಆಯೋಗದ ವೀಸಾ ಕೈಪಿಡಿ ಹೇಳುತ್ತದೆ. ಆ ಪುಟವನ್ನು ಪ್ರಿಂಟ್ ತೆಗೆದು ಕೈಯಲ್ಲಿ ಇಟ್ಟುಕೊಳ್ಳಿ. ಕೌಂಟರಿನವರಿಗೆ ಈ ಬಗೆಯ ಅರ್ಜಿ ಹೆಚ್ಚು ಪರಿಚಯ ಇರುವುದಿಲ್ಲ.

ಮದುವೆ ಸರ್ಟಿಫಿಕೇಟಿಗೆ ಅಪೋಸ್ಟಿಲ್, ಅಂದರೆ ದಾಖಲೆ ಅಸಲಿ ಅಂತ ವಿದೇಶದಲ್ಲಿ ಒಪ್ಪುವ ಸರ್ಕಾರಿ ಮುದ್ರೆ, ಹಾಕಿಸಬೇಕು. ಅದಕ್ಕೂ ಮೊದಲು ನಿಮ್ಮ ಹೆಸರು ನೋಡಿಕೊಳ್ಳಿ. ನಮ್ಮ ಕಡೆ ಇನಿಷಿಯಲ್‌ದೇ ದೊಡ್ಡ ತಲೆನೋವು. ಸರ್ಟಿಫಿಕೇಟಿನಲ್ಲಿ ಹೆಸರಿನ ಮುಂದೆ ಒಂದಕ್ಷರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಯುರೋಪಿನ ಗುಮಾಸ್ತರಿಗೆ ಅದು ಇಬ್ಬರು ಬೇರೆ ಬೇರೆ ಹೆಂಗಸರ ಹಾಗೆ ಕಾಣುತ್ತದೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕುವ ಮೊದಲೇ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ಬರೆಸಿ.

ಇನ್ನು ಮನೆ ವಿಷಯ. ನನಗೆ ಅತಿ ಹೆಚ್ಚು ಕಣ್ಣೀರು ಹಾಕಿಸಿದ್ದು ಇದೇ. ನೆದರ್‌ಲೆಂಡ್ಸ್‌ನಲ್ಲಿ ನಾಲ್ಕು ತಿಂಗಳಿಗಿಂತ ಜಾಸ್ತಿ ಇರಲು ಬಂದವರು 5 ದಿನದೊಳಗೆ ನಗರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು. ಬಿಎಸ್‌ಎನ್ ಅನ್ನುವ ನಂಬರ್ ಸಿಗುವುದು ಅಲ್ಲೇ. ಸಂಬಳ, ಇನ್ಶೂರೆನ್ಸ್, ಬ್ಯಾಂಕ್ ಎಲ್ಲದಕ್ಕೂ ಅದು ಬೇಕು. ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದೇವೆ ಅನ್ನುವುದಕ್ಕೂ ಆ ನೋಂದಣಿಯೇ ಒಳ್ಳೆಯ ಸಾಕ್ಷಿ. ನಾವು ಬಾಡಿಗೆಗೆ ಹಿಡಿದ ಮನೆಯ ಮಾಲೀಕ ಅಡ್ವಾನ್ಸ್ ತೆಗೆದುಕೊಂಡ ಮೇಲೆ 'ಈ ವಿಳಾಸದಲ್ಲಿ ಇಬ್ಬರ ನೋಂದಣಿ ಮಾಡಿಸಬೇಡಿ' ಅಂದ. ತೆರಿಗೆ ತಪ್ಪಿಸಲು, ಇಲ್ಲವೇ ಪರವಾನಗಿ ಇಲ್ಲದೆ ಬಾಡಿಗೆಗೆ ಕೊಟ್ಟಿರುವುದಕ್ಕೆ ಕೆಲವು ಮಾಲೀಕರು ಹೀಗೆ ಮಾಡುತ್ತಾರೆ. ನಿಜವಾಗಿ ಎಲ್ಲಿ ವಾಸವಿದ್ದೀರೋ ಅಲ್ಲಿ ನೋಂದಾಯಿಸುವುದು ನಿಮ್ಮ ಕರ್ತವ್ಯ. ಮಾಲೀಕನಿಗೆ ಅದನ್ನು ತಡೆಯುವ ಹಕ್ಕಿಲ್ಲ. ಆದರೆ ಹೊಸದಾಗಿ ಬಂದವರು ಜಗಳ ಮಾಡಿ ಎಲ್ಲಿಗೆ ಹೋಗಬೇಕು? ನಾವು ಆ ಅಡ್ವಾನ್ಸ್ ಕಳೆದುಕೊಂಡು ಬೇರೆ ಮನೆ ಹುಡುಕಿದೆವು. ಇಬ್ಬರ ಹೆಸರಿನಲ್ಲೂ ನೋಂದಣಿಗೆ ಒಪ್ಪಿಗೆ ಇದೆ ಅಂತ ಕರಾರಿನಲ್ಲಿ ಬರೆಸಿಕೊಳ್ಳದೆ ಒಂದು ಯೂರೋ ಕೂಡ ಕಳಿಸಬೇಡಿ.

ಅಲ್ಲಿ ಮುಟ್ಟಿದ ಮೇಲೆ ರೆಸಿಡೆನ್ಸ್ ಕಾರ್ಡಿಗೆ ಅರ್ಜಿ ಹಾಕಬೇಕು. ಹಾಕಿದ ತಕ್ಷಣ ಅದಕ್ಕೆ ಪ್ರಮಾಣಪತ್ರ ಕೊಡಬೇಕು, 6 ತಿಂಗಳೊಳಗೆ ಕಾರ್ಡ್ ಕೊಡಬೇಕು. ಕಾರ್ಡ್ ಸಾಮಾನ್ಯವಾಗಿ 5 ವರ್ಷದ್ದು. ಕೆಲಸ ಮಾಡುವ ಹಕ್ಕೂ ಇದೆ. ಏಜೆನ್ಸಿ ನನಗೆ ವರ್ಕ್ ಪರ್ಮಿಟ್ ಬೇರೆ ಮಾಡಿಸಬೇಕು ಅಂತ ಹೇಳಿತ್ತು. ಅದೂ ಸುಳ್ಳು.

ಯಾರೂ ಮೊದಲೇ ಹೇಳದ ಇನ್ನೊಂದು ವಿಷಯವಿದೆ. ಈ ಹಕ್ಕು ನಿಮ್ಮ ಸಂಗಾತಿಗೆ ಅಂಟಿಕೊಂಡಿದ್ದು. ಐರ್‌ಲೆಂಡ್‌ನಲ್ಲಿದ್ದ ಕುಲದೀಪ್ ಸಿಂಗ್ ಅನ್ನುವ ಭಾರತೀಯರ ಪ್ರಕರಣದಲ್ಲಿ ಯುರೋಪಿಯನ್ ನ್ಯಾಯಾಲಯ 2015ರಲ್ಲಿ ತೀರ್ಪು ಕೊಟ್ಟಿತು. ಅವರ ಹೆಂಡತಿ ಲ್ಯಾಟ್ವಿಯಾದವರು. ವಿಚ್ಛೇದನದ ಅರ್ಜಿ ಹಾಕುವ ಮೊದಲೇ ಆಕೆ ಐರ್‌ಲೆಂಡ್ ಬಿಟ್ಟು ಹೋಗಿದ್ದರು. ಹಾಗಾಗಿ ಗಂಡನಿಗೆ ಈ ನಿರ್ದೇಶನದಡಿ ಉಳಿಯುವ ಹಕ್ಕು ಹೋಯಿತು. ಸಂಗಾತಿ ಅಲ್ಲೇ ಇರುವಾಗ ವಿಚ್ಛೇದನದ ಪ್ರಕ್ರಿಯೆ ಶುರುವಾಗಿದ್ದು, ಅಷ್ಟರಲ್ಲಿ ಮದುವೆಯಾಗಿ ಕನಿಷ್ಠ 3 ವರ್ಷ, ಅದರಲ್ಲಿ 1 ವರ್ಷ ಆ ದೇಶದಲ್ಲಿ ಆಗಿದ್ದರೆ ಹಕ್ಕು ಉಳಿಸಿಕೊಳ್ಳಬಹುದು. ಮನೆಯಲ್ಲಿ ಹಿಂಸೆ ಅನುಭವಿಸಿದವರಿಗೂ ರಕ್ಷಣೆ ಇದೆ. ದಯವಿಟ್ಟು ಹೆಣ್ಣುಮಕ್ಕಳು ಇದನ್ನು ತಿಳಿದುಕೊಂಡೇ ವಿಮಾನ ಹತ್ತಿ. ನಿಮ್ಮ ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟಿನ ಪ್ರತಿಗಳು ನಿಮ್ಮ ಹತ್ತಿರವೇ ಇರಲಿ, ಒಂದು ಸೆಟ್ ತವರಿನಲ್ಲೂ ಇರಲಿ.

ಯಾವುದಾದರೂ ದೇಶದ ಕಚೇರಿ ಈ ನಿಯಮ ಮೀರಿ ಸತಾಯಿಸಿದರೆ ಸಾಲ್ವಿಟ್ ಅನ್ನುವ ಸೇವೆ ಇದೆ. ಯುರೋಪಿಯನ್ ಒಕ್ಕೂಟದ್ದು, ಒಂದು ರೂಪಾಯಿ ಖರ್ಚಿಲ್ಲ, ಆನ್‌ಲೈನ್‌ನಲ್ಲೇ ದೂರು ಬರೆಯಬಹುದು. ಬೆಂಗಳೂರಿನ ಏಜೆನ್ಸಿ ಮೇಲೆ ನಾವು ಗ್ರಾಹಕರ ಆಯೋಗಕ್ಕೆ ಹೋಗಿದ್ದೇವೆ. ನೀವೂ ಇಂಥವರಿಗೆ ದುಡ್ಡು ಕಟ್ಟಿದ್ದರೆ ರಸೀದಿ, ವಾಟ್ಸಾಪ್ ಮೆಸೇಜ್ ಯಾವುದನ್ನೂ ಅಳಿಸಬೇಡಿ.