ವೆಬ್, ಎಂಎಲ್, ಸೆಕ್ಯೂರಿಟಿ, ಕ್ಲೌಡ್: ನಾಲ್ಕಕ್ಕೂ ಕೈ ಹಾಕಿ ನೋಡಿದ ಮೇಲೆ

ಇನ್ಫರ್ಮೇಶನ್ ಸೈನ್ಸ್ ಓದುವವರನ್ನು ನೆಂಟರೆಲ್ಲ ಕೇಳುವ ಪ್ರಶ್ನೆ ಒಂದೇ: "ಯಾಕೆ, ಕಂಪ್ಯೂಟರ್ ಸೈನ್ಸ್ ಸಿಗ್ಲಿಲ್ವಾ?" ವಿಟಿಯುನಲ್ಲಿ ಈ ಎರಡು ಬ್ರಾಂಚಿಗೂ ಬಹುಪಾಲು ಅದೇ ಸಬ್ಜೆಕ್ಟು, ಅದೇ ಲ್ಯಾಬು. ಯುಎಸ್‌ಎನ್ ಅನ್ನುವ ರಿಜಿಸ್ಟರ್ ನಂಬರಿನ ನಡುವೆ ಸಿಎಸ್ ಬದಲು ಐಎಸ್ ಅಂತ ಇರುತ್ತದೆ. ಕಂಪನಿಗಳು ಪ್ಲೇಸ್‌ಮೆಂಟ್ ಡ್ರೈವ್‌ಗೆ ಕರೆಯುವಾಗಲೂ ಸಾಮಾನ್ಯವಾಗಿ ಎರಡನ್ನೂ ಸೇರಿಸಿಯೇ ಕರೆಯುತ್ತವೆ. ಹಾಗಾಗಿ ಸಿಇಟಿ ಸೀಟಿನ ಹೊತ್ತಿಗೆ ಮನೆಯಲ್ಲಿ ನಡೆಯುವ ಗಲಾಟೆಗೆ ಅಷ್ಟೊಂದು ಅರ್ಥವಿಲ್ಲ. ನಿಜವಾಗಿ ಯೋಚನೆ ಮಾಡಬೇಕಾದ್ದು ಮೂರನೇ ವರ್ಷದಲ್ಲಿ, ಪ್ರೊಫೆಷನಲ್ ಇಲೆಕ್ಟಿವ್, ಅಂದರೆ ನಾವೇ ಆರಿಸಿಕೊಳ್ಳುವ ಸಬ್ಜೆಕ್ಟಿನ ಫಾರ್ಮ್ ಕೈಗೆ ಬಂದಾಗ. ಆಗ ಮಾತ್ರ ಯಾರೂ ಏನೂ ಕೇಳುವುದಿಲ್ಲ. ಯಾವ ಸರ್ ಇಂಟರ್ನಲ್ಸ್‌ನಲ್ಲಿ ಧಾರಾಳ ಅಂತ ನೋಡಿ ಟಿಕ್ ಹಾಕುವವರೇ ಜಾಸ್ತಿ.

ನಮ್ಮ ಚಿಕ್ಕಪ್ಪನ ಮಗಳು ಈಗ ಆ ಫಾರ್ಮ್ ಹಿಡ್ಕೊಂಡು ಕೂತಿದ್ದಾಳೆ. "ಅಣ್ಣಾ, ಎಂಎಲ್ ತಗೊಳ್ಳಾ, ಸೆಕ್ಯೂರಿಟಿ ತಗೊಳ್ಳಾ?" ಅಂತ ಕೇಳಿದಳು. ಯಾವುದಕ್ಕೆ ಸ್ಕೋಪ್ ಇದೆ ಅಂತ ಹೇಳುವವರು ಊರ ತುಂಬ ಇದ್ದಾರೆ. ನಾನು ನೋಡುವುದು ಬೇರೆ ಲೆಕ್ಕ. ವೆಬ್, ಎಂಎಲ್ (ಡೇಟಾ ತೋರಿಸಿ ಕಂಪ್ಯೂಟರಿಗೆ ಕಲಿಸುವ ಮೆಷೀನ್ ಲರ್ನಿಂಗ್), ಸೆಕ್ಯೂರಿಟಿ, ಕ್ಲೌಡ್ (ಬೇರೆಯವರ ಸರ್ವರ್ ಬಾಡಿಗೆಗೆ ಹಿಡಿದು ಕೆಲಸ ಓಡಿಸುವುದು), ಈ ನಾಲ್ಕೂ ದಾರಿಯಲ್ಲಿ ಕೆಲಸ ಕೆಟ್ಟು ನಿಲ್ಲುತ್ತದೆ, ದಿನಾ ನಿಲ್ಲುತ್ತದೆ. ಆದರೆ ಒಂದೊಂದರಲ್ಲಿ ಒಂದೊಂದು ಥರ. ರಾತ್ರಿ ಹನ್ನೊಂದಕ್ಕೆ ಯಾವ ಥರ ಕೆಟ್ಟು ನಿಂತರೆ ನಿಮಗೆ ಇನ್ನೂ ಕೂತು ನೋಡಬೇಕು ಅನ್ನಿಸುತ್ತದೆ, ಯಾವ ಥರ ನಿಂತರೆ ಲ್ಯಾಪ್‌ಟಾಪ್ ಮುಚ್ಚಿ ಮಲಗಬೇಕು ಅನ್ನಿಸುತ್ತದೆ? ನಾನು ಹೋಲಿಸಿದ್ದು ಅದನ್ನೇ.

ವೆಬ್‌ನಿಂದ ಶುರು ಮಾಡುತ್ತೇನೆ, ಎಲ್ಲರೂ ಶುರು ಮಾಡುವುದೂ ಅಲ್ಲಿಂದಲೇ. ಇದರ ದೊಡ್ಡ ಗುಣ ಅಂದರೆ ತಪ್ಪು ಕಣ್ಣೆದುರೇ ಇರುತ್ತದೆ. ಬಟನ್ ಒತ್ತಿದರೆ ಏನೂ ಆಗಲಿಲ್ಲವೋ, ಬ್ರೌಸರ್ ಕನ್ಸೋಲ್ ತೆಗೆದರೆ ಕೆಂಪಕ್ಷರದಲ್ಲಿ ಯಾವ ಫೈಲಿನ ಎಷ್ಟನೇ ಸಾಲು ಅಂತ ಬರೆದಿರುತ್ತದೆ. ಸರಿ ಮಾಡಿ, ಸೇವ್ ಮಾಡಿ, ರಿಫ್ರೆಶ್ ಒತ್ತಿ. ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಹಾಗಂತ ಇದು ಸುಲಭ, ಇದರಲ್ಲಿ ಏನಿದೆ ಅನ್ನುವವರ ಜೊತೆ ನಾನು ಒಪ್ಪುವುದಿಲ್ಲ. ನಮ್ಮ ಮಿನಿ ಪ್ರಾಜೆಕ್ಟು ಊರಿನ ಹಾಲಿನ ಡೇರಿಗೆ ಒಂದು ಲೆಕ್ಕದ ಪುಟ. ಹಾಲು ಹಾಕುವವರ ಹೆಸರು, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಅಷ್ಟೆ. ಎಲ್ಲಾ ಸರಿಯಾಗಿತ್ತು, ಲಕ್ಷ್ಮೀದೇವಮ್ಮನವರ ಹೆಸರು ಮಾತ್ರ ಪೂರ್ತಿ ಬೀಳುತ್ತಿರಲಿಲ್ಲ. "ಲಕ್ಷ್ಮೀದೇವಮ್" ಅಂತ ಅರ್ಧಕ್ಕೆ ನಿಲ್ಲುತ್ತಿತ್ತು. ನೋಡಿದರೆ ಹೆಸರಿನ ಬಾಕ್ಸಿಗೆ 12 ಅಕ್ಷರದ ಮಿತಿ ಇತ್ತು. ನಮ್ಮ ಕಣ್ಣಿಗೆ ಲ, ಕ್ಷ್ಮೀ, ದೇ, ವ, ಮ್ಮ ಅಂತ ಐದೇ ಅಕ್ಷರ. ಜಾವಾಸ್ಕ್ರಿಪ್ಟಿನ ಲೆಕ್ಕದಲ್ಲಿ ಹದಿಮೂರು. ಒತ್ತಕ್ಷರ ಕೂಡಿಸುವ ವಿರಾಮದ ಗುರುತನ್ನೂ (್), ದೀರ್ಘದ ಗುರುತನ್ನೂ ಯೂನಿಕೋಡ್ ಬೇರೆಬೇರೆ ಎಣಿಸುತ್ತದೆ. ಕ್ಷ್ಮೀ ಒಂದೇ ಆರು ತಿನ್ನುತ್ತದೆ! ಇಂಗ್ಲಿಷ್ ಹೆಸರು ಹಾಕಿ ಟೆಸ್ಟ್ ಮಾಡುತ್ತಾ ಇದ್ದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಇಂಥದ್ದು ಸಿಕ್ಕಿದ ದಿನ ನನಗೆ ಊಟ ರುಚಿಯಾಗುತ್ತದೆ.

ವೆಬ್‌ನ ಕಾಟ ಬೇರೆ ಕಡೆ ಇದೆ. ಕಲಿತದ್ದು ಬೇಗ ಹಳೆಯದಾಗುತ್ತದೆ. ಹೋದ ವರ್ಷದ ವಿಡಿಯೋ ನೋಡಿ ರಿಯಾಕ್ಟ್ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಪ್ರಾಜೆಕ್ಟ್ ಶುರು ಮಾಡಿದರೆ ಮೊದಲ ಕಮಾಂಡೇ ಓಡದಿರಬಹುದು. ಇನ್ನೊಂದು, ರೆಸ್ಯೂಮೆಯಲ್ಲಿ "ಫುಲ್ ಸ್ಟ್ಯಾಕ್", ಅಂದರೆ ಮುಂದೆ ಕಾಣುವ ಪುಟ, ಹಿಂದಿನ ಸರ್ವರ್ ಎರಡೂ ಬರುತ್ತದೆ ಅಂತ ಬರೆಯದವರೇ ಈಗ ಕಡಿಮೆ. ಕೆಲಸ ಜಾಸ್ತಿ ಇದೆ ನಿಜ, ಕ್ಯೂನೂ ಅಷ್ಟೇ ಉದ್ದ ಇದೆ.

ಎಂಎಲ್ ಇದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಎರರ್ ಬರುವುದಿಲ್ಲ. ಪ್ರೋಗ್ರಾಂ ಸಲೀಸಾಗಿ ಓಡಿ ಕೊನೆಗೆ ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ತಪ್ಪೋ ಸರಿಯೋ ಅಂತ ಹೇಳುವವರು ಯಾರೂ ಇಲ್ಲ.

ಕಾಲೇಜಿನ ಲ್ಯಾಬ್ ಮಾತ್ರ ಮಾಡಿದವರಿಗೆ ಇದು ಗೊತ್ತಾಗುವುದಿಲ್ಲ. ನಮ್ಮದು ವಿಟಿಯುನ 2018ರ ಸ್ಕೀಮ್, ಅಂದರೆ ಆ ವರ್ಷದ ಸಿಲೆಬಸ್. ಏಳನೇ ಸೆಮ್ ಎಐ-ಎಂಎಲ್ ಲ್ಯಾಬಿನಲ್ಲಿ ಕ್ಯಾಂಡಿಡೇಟ್ ಎಲಿಮಿನೇಷನ್, ಐಡಿ3, ಕೆ-ಮೀನ್ಸ್ ಅನ್ನುವ ಕಲಿಸುವ ವಿಧಾನಗಳೆಲ್ಲ ಇದ್ದವು. ಐಡಿ3ಗೆ ಬಿಸಿಲಿದೆಯಾ, ಗಾಳಿ ಇದೆಯಾ, ಟೆನಿಸ್ ಆಡಬಹುದಾ ಅನ್ನುವ 14 ಸಾಲಿನ ಟೇಬಲ್. ಕೆಎನ್‌ಎನ್ ಅನ್ನುವ ಇನ್ನೊಂದು ವಿಧಾನಕ್ಕೆ ಐರಿಸ್ ಹೂವಿನ ಡೇಟಾ, ಮೂರು ಜಾತಿ, ಒಟ್ಟು 150 ಹೂವು, 1936ರಿಂದ ಎಲ್ಲರೂ ಅದನ್ನೇ ಉಜ್ಜುತ್ತಿದ್ದಾರೆ. ಯಾರು ಓಡಿಸಿದರೂ ಉತ್ತರ ಚೆನ್ನಾಗೇ ಬರುತ್ತದೆ. ವೈವಾದಲ್ಲಿ ಎಂಟ್ರಪಿ ಫಾರ್ಮುಲಾ ಹೇಳಿದರೆ ಮುಗಿಯಿತು. ಇದನ್ನು ನೋಡಿ "ನಂಗೆ ಎಂಎಲ್ ಇಷ್ಟ" ಅಂತ ತೀರ್ಮಾನ ಮಾಡಬೇಡಿ.

ನಿಜವಾದ ರುಚಿ ನೋಡಬೇಕಾದರೆ ಕನ್ನಡ-ಎಂನಿಸ್ಟ್ ಹಿಡಿಯಿರಿ. ವಿನಯ್ ಪ್ರಭು ಅವರು 2019ರಲ್ಲಿ ಬಿಡುಗಡೆ ಮಾಡಿದ ಕನ್ನಡ ಅಂಕಿಗಳ ಡೇಟಾಸೆಟ್ ಇದು. ಬೆಂಗಳೂರಿನ 65 ಜನ ಕೈಯಲ್ಲಿ ಬರೆದ ೦ಯಿಂದ ೯ರ ತನಕದ ಅಂಕಿಗಳು. ಕಲಿಸಲು 60,000 ಚಿತ್ರ, ಪರೀಕ್ಷೆಗೆ 10,000. ಒಂದೊಂದೂ 28 ಪಿಕ್ಸೆಲ್ ಅಗಲ, 28 ಎತ್ತರ. ಇದರ ಜೊತೆ ಡಿಗ್-ಎಂನಿಸ್ಟ್ ಅಂತ ಇನ್ನೊಂದು ಕಟ್ಟು ಇದೆ. ಅದನ್ನು ಬರೆದವರಲ್ಲಿ ಕನ್ನಡ ಬರೆದು ರೂಢಿ ಇಲ್ಲದವರೇ ಹೆಚ್ಚು. ಬ್ರೌಸರಿನಲ್ಲೇ ಕೋಡ್ ಓಡಿಸುವ ಗೂಗಲ್ ಕೊಲ್ಯಾಬ್‌ನಲ್ಲಿ ಒಂದು ಸಣ್ಣ ನ್ಯೂರಲ್ ನೆಟ್‌ವರ್ಕ್ ಬರೆದು ಓಡಿಸಿದೆ. ಮೊದಲ ಪರೀಕ್ಷೆಯಲ್ಲಿ ಭರ್ಜರಿ ಮಾರ್ಕ್ಸು. ಅದೇ ಮಾಡೆಲ್ಲನ್ನು ಡಿಗ್-ಎಂನಿಸ್ಟ್ ಮೇಲೆ ಬಿಟ್ಟರೆ ಧೊಪ್ಪನೆ ಬಿತ್ತು. ಕೋಡ್ ಅದೇ, ಎರರ್ ಇಲ್ಲ.

ಆಮೇಲೆ ಮಾಡುವ ಕೆಲಸ ಏನು ಗೊತ್ತಾ? ತಪ್ಪಾದ ಚಿತ್ರಗಳನ್ನು ಒಂದೊಂದಾಗಿ ತೆಗೆದು ನೋಡುವುದು. ೩ನ್ನು ೭ ಅಂದಿದೆ. ಯಾಕೆ ಅಂತ ನೋಡಿದರೆ ಬರೆದವರು ಕೆಳಗಿನ ಬಾಲವನ್ನು ಸ್ವಲ್ಪ ಜಾಸ್ತಿ ಎಳೆದಿದ್ದಾರೆ. ೧ರ ಬಾಯಿ ಮುಚ್ಚಿಕೊಂಡರೆ ೦ ಆಗಿಬಿಡುತ್ತದೆ. ಕೆಲವನ್ನು ನಾನೇ ಹೇಳಲಾರೆ. ಆಮೇಲೆ ಚಿತ್ರಗಳನ್ನು ಸ್ವಲ್ಪ ತಿರುಗಿಸಿ, ಜರುಗಿಸಿ ಮತ್ತೆ ಕಲಿಸಿದರೆ ಅಂಕ ಒಂಚೂರು ಏರುತ್ತದೆ. ಯಾಕೆ ಏರಿತು, ಇನ್ನೂ ಯಾಕೆ ಏರಲಿಲ್ಲ, ಖಚಿತವಾಗಿ ಹೇಳಲು ಆಗುವುದಿಲ್ಲ. ನಡುವೆ ಕೊಲ್ಯಾಬ್ ಬಿಟ್ಟು ಊಟಕ್ಕೆ ಹೋದರೆ ಸೆಷನ್ ಕಟ್ ಆಗಿರುತ್ತದೆ, ಸೇವ್ ಮಾಡದಿದ್ದರೆ ಎಲ್ಲಾ ಮೊದಲಿಂದ. ನನ್ನ ರೂಮ್‌ಮೇಟ್‌ಗೆ ಇದೆಲ್ಲ ಹಬ್ಬ. ಒಂದೊಂದು ತಪ್ಪಂಕಿಯ ಹಿಂದೆ ಗಂಟೆಗಟ್ಟಲೆ ಬೀಳುತ್ತಿದ್ದ. ನನಗೆ ಉತ್ತರ ಸಿಗದ ಕಡೆ ಅಷ್ಟು ಹೊತ್ತು ಕೂರೋಕಾಗಲ್ಲ. ನಾನು ಎಂಎಲ್ ಬಿಡಲು ಕಾರಣ ಗಣಿತ ಅಂತ ಎಲ್ಲರೂ ಅಂದುಕೊಂಡರು, ಗಣಿತ ಅಲ್ಲ.

ಆದರೂ ಗಣಿತದ ಮಾತು ಆಡಿಯೇ ಮುಂದೆ ಹೋಗಬೇಕು. ಎಂ-3, ಎಂ-4 ಹೇಗೋ ದಾಟಿದವರಿಗೆ ಪ್ರಾಬಬಿಲಿಟಿ, ಮ್ಯಾಟ್ರಿಕ್ಸ್ ಇಲ್ಲಿ ಮತ್ತೆ ಎದುರಿಗೆ ಬಂದು ನಿಲ್ಲುತ್ತವೆ. ಇದರಲ್ಲೇ ಮುಂದುವರಿಯುವವರು ಹೆಚ್ಚಾಗಿ ಎಂಟೆಕ್ ಯೋಚನೆ ಮಾಡಬೇಕಾಗುತ್ತದೆ, ಫ್ರೆಶರ್‌ಗಳಿಗೆ ನೇರವಾಗಿ ಮಾಡೆಲ್ ಕಟ್ಟುವ ಕೆಲಸ ಸಿಗುವುದು ಕಷ್ಟ. ಎಂಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಯಲ್ಲಿ 2024ರಿಂದ ಡೇಟಾ ಸೈನ್ಸ್-ಎಐಗೆ ಬೇರೆಯೇ ಪೇಪರ್ ಇದೆ. ಆ ಕಡೆ ಹೋಗುವ ಮನಸ್ಸಿದ್ದರೆ ಇಲೆಕ್ಟಿವ್‌ನಲ್ಲೇ ಎಂಎಲ್ ಹಿಡಿಯುವುದು ಲಾಭ, ಓದಿದ್ದು ಎರಡು ಕಡೆ ಬರುತ್ತದೆ.

ಸೆಕ್ಯೂರಿಟಿ ಅಂದ ತಕ್ಷಣ ಕಪ್ಪು ಹೂಡಿ ಜಾಕೆಟ್ಟು, ಹಸಿರು ಅಕ್ಷರ ನೆನಪಾಗುತ್ತದೆ ಅಲ್ವಾ? ಸುಮ್ನೆ. ಮೊದಲ ದಿನ ಮಾತ್ರ ಹಾಗಿರುತ್ತದೆ. ನೆಟ್‌ವರ್ಕಿನಲ್ಲಿ ಹೋಗುವ ಪ್ಯಾಕೆಟ್‌ಗಳನ್ನು (ಡೇಟಾದ ತುಣುಕು) ಹಿಡಿದು ತೋರಿಸುವ ವೈರ್‌ಶಾರ್ಕ್ ಹಾಕಿ, ನನ್ನದೇ ಲ್ಯಾಪ್‌ಟಾಪಿನಲ್ಲಿ ಎಚ್‌ಟಿಟಿಪಿಎಸ್ ಇಲ್ಲದ, ಅಂದರೆ ಕಳಿಸಿದ್ದನ್ನು ಗುಟ್ಟಾಗಿಡದ ಒಂದು ಲಾಗಿನ್ ಪುಟ ಎಬ್ಬಿಸಿ, ಪಾಸ್‌ವರ್ಡ್ ಕೊಟ್ಟು ನೋಡಿದೆ. ಸಾವಿರಾರು ಪ್ಯಾಕೆಟ್‌ಗಳ ಮಧ್ಯೆ ಒಂದನ್ನು ತೆರೆದರೆ ನಾನು ಕೊಟ್ಟ ಪಾಸ್‌ವರ್ಡ್ ಇದ್ದ ಹಾಗೇ ಬಿದ್ದಿತ್ತು. ಐದನೇ ಸೆಮ್‌ನಲ್ಲಿ ನೆಟ್‌ವರ್ಕ್ ಲ್ಯಾಬ್ ಅಂತ ಎನ್‌ಎಸ್2 ಅನ್ನುವ ಸಿಮ್ಯುಲೇಟರಿನಲ್ಲಿ ನೋಡ್‌ಗಳ (ನೆಟ್‌ವರ್ಕಿನ ಕಂಪ್ಯೂಟರ್‌ಗಳ) ನಡುವೆ ಚುಕ್ಕಿ ಓಡಿಸಿದ್ದೆವು. ಅದರಲ್ಲಿ ತಲೆಗೆ ಹತ್ತದ್ದು ಇಲ್ಲಿ ಒಂದೇ ಪ್ಯಾಕೆಟ್‌ನಲ್ಲಿ ಹತ್ತಿತು.

ಆಮೇಲಿನ ದಿನಗಳೆಲ್ಲ ಮೌನ. ಲ್ಯಾಪ್‌ಟಾಪಿನೊಳಗೇ ಇನ್ನೊಂದು ಕಂಪ್ಯೂಟರ್ ಎಬ್ಬಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಸೆಕ್ಯೂರಿಟಿ ಟೂಲ್‌ಗಳಿರುವ ಕಾಲಿ ಲಿನಕ್ಸ್ ಒಂದು ಕಡೆ, ಬೇಕಂತಲೇ ತೂತು ಬಿಟ್ಟು ಕಟ್ಟಿರುವ ಡಿವಿಡಬ್ಲ್ಯೂಎ ಅನ್ನುವ ವೆಬ್‌ಸೈಟ್ ಇನ್ನೊಂದು ಕಡೆ. ಒಂದು ಪ್ರಯತ್ನ ಮಾಡುತ್ತೀರಿ, ಏನೂ ಆಗುವುದಿಲ್ಲ. ಇನ್ನೊಂದು ಮಾಡುತ್ತೀರಿ, ಅದೂ ಇಲ್ಲ. ವೆಬ್‌ನಲ್ಲಿ ಕೆಂಪಕ್ಷರವಾದರೂ ಬರುತ್ತದೆ, ಎಂಎಲ್‌ನಲ್ಲಿ ಒಂದು ಸಂಖ್ಯೆಯಾದರೂ ಬರುತ್ತದೆ. ಇಲ್ಲಿ ಅದೂ ಇಲ್ಲ. ಕೆಲಸದ ದೊಡ್ಡ ಪಾಲು ಓದುವುದು, ಲಾಗ್ ನೋಡುವುದು, ರಿಪೋರ್ಟ್ ಬರೆಯುವುದು. ಸಾಫ್ಟ್‌ವೇರ್ ಸುರಕ್ಷತೆಯ ಸಂಸ್ಥೆ ಓವಾಸ್ಪ್‌ನ 2021ರ ಹತ್ತು ಅಪಾಯಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಸಿನಿಮಾದಲ್ಲಿ ತೋರಿಸುವ ಹ್ಯಾಕಿಂಗ್‌ಗೆ ಅಲ್ಲ, ಯಾರಿಗೆ ಯಾವ ಪುಟ ನೋಡಲು ಹಕ್ಕಿದೆ ಅಂತ ಸರಿಯಾಗಿ ಪರೀಕ್ಷಿಸದೆ ಬಿಡುವುದಕ್ಕೆ. ವಿಳಾಸದಲ್ಲಿ 101 ಇರುವ ಕಡೆ 102 ಹಾಕಿದರೆ ಬೇರೆಯವರ ಬಿಲ್ ಕಾಣುತ್ತದಲ್ಲ, ಅಂಥದ್ದು.

ಇಲ್ಲೊಂದು ಎಚ್ಚರಿಕೆ ಗಟ್ಟಿಯಾಗೇ ಹೇಳಬೇಕು. ಕಾಲೇಜಿನ ವೈಫೈ, ಕಾಲೇಜಿನ ರಿಸಲ್ಟ್ ಪೋರ್ಟಲ್ ಮೇಲೆ ಸುಮ್ನೆ ತಮಾಷೆಗೆ ಅಂತ ಕೈ ಹಾಕಬೇಡಿ. ಅನುಮತಿ ಇಲ್ಲದೆ ದುರುದ್ದೇಶದಿಂದ ಬೇರೆಯವರ ಸಿಸ್ಟಂಗೆ ನುಗ್ಗಿದರೆ 2000ದ ಐಟಿ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದ ತನಕ ಜೈಲು, ಇಲ್ಲವೇ ಐದು ಲಕ್ಷದ ತನಕ ದಂಡ, ಇಲ್ಲವೇ ಎರಡೂ. ತಮಾಷೆ ಮಾಡಿದ್ದು ಅಂತ ಆಮೇಲೆ ಒಪ್ಪಿಸುವುದು ಯಾರಿಗೆ ಬೇಕು? ಟ್ರೈಹ್ಯಾಕ್‌ಮಿ, ಪಿಕೊಸಿಟಿಎಫ್ ಥರದ ಕಡೆ ನುಗ್ಗಲೆಂದೇ ಕಟ್ಟಿಟ್ಟಿದ್ದಾರೆ, ಅಲ್ಲಿ ಎಷ್ಟು ಬೇಕಾದರೂ ನುಗ್ಗಿ.

ಫ್ರೆಶರ್‌ಗೆ ಸಿಗುವ ಕೆಲಸ ಹೆಚ್ಚಾಗಿ ಎಸ್‌ಒಸಿಯಲ್ಲಿ, ಅಂದರೆ ಪರದೆ ಮುಂದೆ ಕೂತು ಅಲರ್ಟ್ ನೋಡುವ ಕೆಲಸ. ನೈಟ್ ಶಿಫ್ಟ್ ಇರುತ್ತದೆ. ಬರುವ ಅಲರ್ಟ್‌ಗಳಲ್ಲಿ ಬಹಳಷ್ಟು ಸುಳ್ಳು. ನಿಜವಾದದ್ದು ಬಂದರೆ ಮಾತ್ರ ಕೈಕಾಲು ಆಡುವುದಿಲ್ಲ. ಯಾಕಂದ್ರೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿಯಮದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ಅವರಿಗೆ ತಿಳಿಸಬೇಕು.

ಕ್ಲೌಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಲಸದಲ್ಲಿ ಇದು ಬೇಕೇ ಬೇಕು, ಆದರೆ ಕಾಲೇಜಿನಲ್ಲಿ ಇದನ್ನೇ ಸ್ಪೆಷಲೈಸೇಷನ್ ಅಂತ ಹಿಡಿಯುವುದು ನನಗೆ ಸರಿ ಕಾಣಲಿಲ್ಲ. ನಮ್ಮ ಸಿಲೆಬಸ್‌ನಲ್ಲಿ ಅನೇಕಾ ಅನ್ನುವ ಪ್ಲಾಟ್‌ಫಾರ್ಮಿನ ರಚನೆ ಉರು ಹೊಡೆದು ಬರೆದೆವು. ಇಂಟರ್ನ್‌ಶಿಪ್‌ಗೆ ಹೋದರೆ ಕೇಳಿದ್ದು ಡಾಕರ್, ಕ್ಯೂಬರ್ನೆಟಿಸ್, ಅಂದರೆ ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಡಬ್ಬಿಯಲ್ಲಿ ಕಟ್ಟಿ ಓಡಿಸುವ ಟೂಲ್‌ಗಳು. ಇಲ್ಲಿ ಕೆಲಸ ಕೆಟ್ಟು ನಿಲ್ಲುವ ರೀತಿಯೂ ತಲೆ ಚಿಟ್ಟು ಹಿಡಿಸುತ್ತದೆ. ಸೆಟ್ಟಿಂಗ್ ಬರೆದಿಡುವ ಯಾಮಲ್ ಫೈಲಿನಲ್ಲಿ ಸ್ಪೇಸ್ ಇರಬೇಕಾದ ಕಡೆ ಟ್ಯಾಬ್ ಬಿದ್ದಿದ್ದರೆ ಸಾಕು, ಇಡೀ ಸಂಸಾರ ಏಳುವುದಿಲ್ಲ. ಕಾರಣ ಹುಡುಕುವಾಗ ನಿಮ್ಮ ಕೋಡೋ, ಕಂಟೇನರ್ರೋ, ನೆಟ್‌ವರ್ಕೋ, ಪರ್ಮಿಷನ್ನೋ ಅಂತ ಪದರ ಪದರ ಬಿಡಿಸಬೇಕು. ಆಪರೇಟಿಂಗ್ ಸಿಸ್ಟಂ, ನೆಟ್‌ವರ್ಕ್ ಎರಡೂ ಗಟ್ಟಿ ಇದ್ದವರು ಇದನ್ನು ಕೆಲಸಕ್ಕೆ ಸೇರಿದ ಮೇಲೂ ಬೇಗ ಹಿಡಿಯುತ್ತಾರೆ. ಪ್ರಾಕ್ಟೀಸ್ ಮಾಡುವವರು ಕಾರ್ಡ್ ಕೊಡುವ ಮುಂಚೆ ಬಜೆಟ್ ಅಲರ್ಟ್ ಹಾಕಿಕೊಳ್ಳಿ. ಫ್ರೀ ಅಂತ ಎಬ್ಬಿಸಿದ ಸರ್ವರ್ ಆಫ್ ಮಾಡದೆ ಮಲಗಿದರೆ ಬಿಲ್ಲು ಅಪ್ಪನ ಫೋನಿಗೆ ಮೆಸೇಜಾಗಿ ಹೋಗುತ್ತದೆ.

ಖರ್ಚಿನ ವಿಷಯಕ್ಕೆ ಬಂದರೆ, ವೆಬ್‌ಗೆ ಎಂಥ ಹಳೇ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ಎಂಎಲ್‌ಗೆ ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅಂತ ಮನೆಯಲ್ಲಿ ಹಠ ಮಾಡುವವರು ಇದ್ದಾರೆ. ಡಿಗ್ರಿ ಮಟ್ಟದ ಕೆಲಸಕ್ಕೆ ಕೊಲ್ಯಾಬ್ ಪುಕ್ಕಟೆ ಕೊಡುವ ಜಿಪಿಯು ಸಾಕು. ನಿಜವಾಗಿ ಮೆಷೀನ್ ಬೇಡುವುದು ಸೆಕ್ಯೂರಿಟಿ. ಒಟ್ಟಿಗೆ ಎರಡು ವರ್ಚುವಲ್ ಮೆಷೀನ್ ಎಬ್ಬಿಸಿದರೆ 8 ಜಿಬಿ ರ‍್ಯಾಮ್ ಏದುಸಿರು ಬಿಡುತ್ತದೆ. ಮಾರ್ಕ್ಸ್ ಬೇಕು ಅನ್ನುವವರಿಗೆ ಎಂಎಲ್ ಒಳ್ಳೆಯದು. ಐಡಿ3, ನೈವ್ ಬೇಯ್ಸ್ ಲೆಕ್ಕಗಳು ಬಂದರೆ ಪೂರ್ತಿ ಅಂಕ ಬೀಳುತ್ತವೆ. ಸೆಕ್ಯೂರಿಟಿ ಪೇಪರ್ ಉದ್ದುದ್ದ ಥಿಯರಿ. ಕಾಲೇಜಿನಲ್ಲಿ ಬೇಕಾದ ಇಲೆಕ್ಟಿವ್ ಕೊಡದಿದ್ದರೆ ಐಐಟಿಗಳ ಆನ್‌ಲೈನ್ ಪಾಠಗಳ ಎನ್‌ಪಿಟಿಇಎಲ್ ಇದ್ದೇ ಇದೆ. ಪಾಠ ಪುಕ್ಕಟೆ, ದುಡ್ಡು ಕಟ್ಟಬೇಕಾದ್ದು ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ.

ನಾನು ಕೊನೆಗೆ ವೆಬ್ ಹಿಡಿದೆ, ಅದರಲ್ಲೂ ಹಿಂದಿನ ಸರ್ವರ್ ಕೆಲಸ. ಕೆಂಪಕ್ಷರ ಕಂಡರೆ ನನಗೆ ನೆಮ್ಮದಿ. ರೂಮ್‌ಮೇಟ್ ಗೇಟ್ ಬರೆದ. ತಂಗಿಗೆ ಸೆಕ್ಯೂರಿಟಿ ತಗೋ ಅಂತ ಹೇಳಿದ್ದೇನೆ. ಹೋದ ತಿಂಗಳು ನಮ್ಮ ದೊಡ್ಡಮ್ಮನ ಫೋನಿಗೆ ಕರೆಂಟ್ ಬಿಲ್ ಕಟ್ಟಿಲ್ಲ ಅಂತ ಒಂದು ಸುಳ್ಳು ಲಿಂಕ್ ಬಂದಿತ್ತು. ನಾವೆಲ್ಲ ಡಿಲೀಟ್ ಮಾಡಿ ಅಂದೆವು. ಇವಳು ಲಿಂಕ್ ಒತ್ತದೆ, ಅದರ ವಿಳಾಸವನ್ನು ಕಾಗದದ ಮೇಲೆ ಬರೆದುಕೊಂಡು ಯಾವ ಅಕ್ಷರ ಬದಲಾಯಿಸಿದ್ದಾರೆ, ಡೊಮೈನ್ ಯಾವತ್ತು ನೋಂದಾಯಿಸಿದ್ದು ಅಂತ ಸಂಜೆ ಪೂರ್ತಿ ಹುಡುಕಿದಳು. ಏನೂ ಸಿಗಲಿಲ್ಲ, ಮರುದಿನ ಮತ್ತೆ ಕೂತಳು. ಅವಳಿಗೆ ಎಂಎಲ್ ಬೇಕು ಅನ್ನಿಸಿದ್ದು ಗೆಳತಿಯರೆಲ್ಲ ಅದನ್ನೇ ತಗೊಳ್ತಿದ್ದಾರೆ ಅಂತ. ಕೇಳುತ್ತಾಳೋ ಇಲ್ಲವೋ ಗೊತ್ತಿಲ್ಲ, ಫಾರ್ಮ್ ಕೊಡಲು ಶನಿವಾರದ ತನಕ ಟೈಮ್ ಇದೆಯಂತೆ. ಲ್ಯಾಪ್‌ಟಾಪಿಗೆ ಇನ್ನೊಂದು 8 ಜಿಬಿ ಹಾಕಿಸಲು ಚಿಕ್ಕಪ್ಪನಿಗೆ ಮಾತ್ರ ಈಗಲೇ ಹೇಳಿಟ್ಟಿದ್ದೇನೆ.